ಕಿಟಕಿಯಲ್ಲಿ ಬೀಸಿದ ಕೈ

ದೂರು ಠಾಣೆಗೆ ಬಂದದ್ದು ಸೋಮವಾರ ಬೆಳಗ್ಗೆ, ಚಳಿಗಾಲದ ಮಂಜು ಇನ್ನೂ ಠಾಣೆಯ ಮೆಟ್ಟಿಲ ಮೇಲಿಂದ ಕರಗದ ಹೊತ್ತಿನಲ್ಲಿ. ತಂದವನು ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಠಾಣೆಯ ಬಾಗಿಲಲ್ಲೂ ಮೊದಲು ಕಂಡದ್ದು ಮೀಸೆ, ಆಮೇಲೆ ಅವನು.

“ಏನಪ್ಪಾ ದೂರು?” ಎಂದರು ದಫೇದಾರರು, ಪೆನ್ನಿನ ಮುಚ್ಚಳ ತೆಗೆಯುತ್ತ.

“ನಮ್ಮ ಗುರುಗಳು ಕೈ ಎತ್ತುತ್ತಾ ಇಲ್ಲ ಸರ್.”

“ಕೈ ಎತ್ತಿದ್ರೆ ಕೇಸ್ ಹಾಕ್ತೀವಿ. ಎತ್ತದೇ ಇದ್ರೆ ಏನು ಹಾಕೋದು?”

ಮೀಸೆ ನಗಲಿಲ್ಲ. ಅವನು ಹೇಳಿದ್ದು ಇಷ್ಟು. ಗುರುಗಳೆಂದರೆ ನಿವೃತ್ತ ಡ್ರೈವರ್. ಆ ರೂಟಿನಲ್ಲಿ ಈಗ ಬಸ್ ಓಡಿಸುವ ಅರ್ಧಕ್ಕರ್ಧ ಮಂದಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು. ಅವರ ಮನೆ ಬಸ್ ಹೋಗುವ ರಸ್ತೆಯಲ್ಲೇ, ಲಾಂಡ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ರಿಟೈರ್ ಆದ ಮೇಲೂ ದಿನಾ ಬೆಳಗ್ಗೆ ನೀಲಿ ಟೋಪಿ ಹಾಕಿಕೊಂಡು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರುತ್ತಿದ್ದರು. ಬಸ್ಸಿನವರು ಹೋಗುವಾಗ ಕೈ ಎತ್ತುವುದು, ಅವರೂ ಎತ್ತುವುದು. ಈಗ ಕೆಲವು ದಿನಗಳಿಂದ ಕುರ್ಚಿ ಖಾಲಿ. ಇವನು ಮಹಡಿ ಹತ್ತಿ ಹೋಗಿ ಬಾಗಿಲು ತಟ್ಟಿದ್ದಾನೆ. ಮಗ ಒಳಗಿನಿಂದಲೇ ‘ಮಲಗಿದಾರೆ’ ಎಂದಿದ್ದಾನೆ. ಸಂಜೆ ಹೋದರೂ ‘ಮಲಗಿದಾರೆ’. ಮರುದಿನ ಮಧ್ಯಾಹ್ನ ಹೋದರೂ ಅದೇ ಮಾತು.

“ಒಬ್ಬ ಮನುಷ್ಯ ಎಷ್ಟು ಹೊತ್ತು ಅಂತ ಮಲಗ್ತಾನೆ ಸರ್?”

ಗಾಜಿನ ಆಚೆ ಕೂತಿದ್ದ ಇನ್‌ಸ್ಪೆಕ್ಟರಮ್ಮನಿಗೆ ಆ ಕ್ಷಣಕ್ಕೆ ಅನ್ನಿಸಿದ್ದು, ಬಿಟ್ಟರೆ ನಾನೂ ಎಷ್ಟು ಹೊತ್ತಾದರೂ ಮಲಗುತ್ತೇನೆ ಅಂತ. ಮನೆಯಲ್ಲಿ ಎಳೆಯ ಮಗು, ಹೊಸ ಹಲ್ಲು. ಹೆರಿಗೆ ರಜೆ ಮುಗಿಸಿ ಬಂದಾಗಿನಿಂದ ಅವರ ಕಣ್ಣಿಗೆ ಲೋಕವೆಲ್ಲ ಒಂದು ತೆಳುವಾದ ಪರದೆಯ ಆಚೆ ನಡೆಯುತ್ತಿತ್ತು. ಫೋನು ರಿಂಗಾದರೆ ಬೇರೆ ಯಾರದೋ ಮನೆಯಲ್ಲಿ ರಿಂಗಾದ ಹಾಗೆ ಕೇಳುತ್ತಿತ್ತು. ಆದರೂ ಪೊಲೀಸಿನ ಬುದ್ಧಿ ಪೂರ್ತಿ ಮಲಗುವುದಿಲ್ಲ.

“ಡೈರಿಯಲ್ಲಿ ಬರ್ಕೊಳ್ಳಿ. ಹೋಗಿ ನೋಡ್ಕೊಂಡು ಬನ್ನಿ,” ಎಂದರು.

ದಫೇದಾರರು ಹೋದರು, ಬಂದರು. ವರದಿ ಚೊಕ್ಕವಾಗಿತ್ತು. ಮನೆ ಶುಭ್ರ. ಹಿರಿಯರು ಹೊದ್ದು ಮಲಗಿದ್ದರು. ಸ್ವಲ್ಪ ಜ್ವರವಂತೆ, ಔಷಧಿ ಕೊಟ್ಟಿದೆಯಂತೆ. ಮಗ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಮದುವೆಯಾಗಿಲ್ಲ, ಅಪ್ಪನನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ಮರ್ಯಾದಸ್ಥ. ಕೂರಿಸಿ ಬ್ರೆಡ್ಡೂ ಕೊಟ್ಟ.

“ತಿಂದ್ರಾ?”

“ಬಿಸಿಯಿತ್ತು ಮೇಡಂ,” ಎಂದು ದಫೇದಾರರು ತಲೆ ಕೆರೆದುಕೊಂಡರು. ಅಲ್ಲಿಗೆ ಆ ದೂರು ಮುಚ್ಚಿತು.

ಮಂಗಳವಾರ ಬೆಳಗ್ಗೆ ಇನ್‌ಸ್ಪೆಕ್ಟರಮ್ಮ ಎಂದಿನಂತೆ ಬಸ್ಸಿನಲ್ಲೇ ಠಾಣೆಗೆ ಹೊರಟಿದ್ದರು. ಜೀಪು ತರಿಸಬಹುದಿತ್ತು, ಆದರೆ ಬಸ್ಸಿನ ಕಿಟಕಿಯ ಪಕ್ಕದ ಆ ಇಪ್ಪತ್ತು ನಿಮಿಷದ ತೂಕಡಿಕೆ ಅವರಿಗೆ ಯಾವ ಜೀಪಿಗಿಂತ ದೊಡ್ಡ ಸವಲತ್ತು. ಮಂಜಿನಲ್ಲಿ ಅಂಗಡಿಗಳ ಬೋರ್ಡುಗಳು ಒಂದೊಂದಾಗಿ ತೇಲಿ ಬಂದು ಹಿಂದಕ್ಕೆ ಸರಿದವು. ಲಾಂಡ್ರಿಯ ಕೊಳವೆಯಿಂದ ಬಿಳಿ ಹಬೆ ಏಳುತ್ತಿತ್ತು. ಮಂಜು ಯಾವುದು ಹಬೆ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಅದರ ಮೇಲೆ ಒಂದು ಕಿಟಕಿ, ಕಿಟಕಿಯಲ್ಲಿ ನೀಲಿ ಟೋಪಿ. ಟೋಪಿಯ ಪಕ್ಕ ಒಂದು ಕೈ ಮೇಲೆದ್ದು ಆ ಕಡೆ ಈ ಕಡೆ ಬೀಸಿತು. ನೋಡಿದರೆ ಜೀವಕ್ಕೆ ಹಿತವೆನಿಸುವಂಥ ಬೀಸು. ಇನ್‌ಸ್ಪೆಕ್ಟರಮ್ಮ ಅರ್ಧ ನಿದ್ದೆಯಲ್ಲೇ ತಾವೂ ಕೈ ಬೀಸಿದರು. ಪಕ್ಕದ ಸೀಟಿನಾಕೆ ಒಂದು ಥರಾ ನೋಡಿದಳು.

“ಆ ಡ್ರೈವರ್ ಗುರುಗಳು ಎದ್ದು ಕೂತಿದ್ದಾರೆ,” ಎಂದು ಠಾಣೆಗೆ ಬಂದವರೇ ದಫೇದಾರರಿಗೆ ಹೇಳಿದರು. “ನಾನೇ ನೋಡಿದೆ.”

ಮಧ್ಯಾಹ್ನದ ಹೊತ್ತಿಗೆ ಮೀಸೆ ಮತ್ತೆ ಬಂದ. ಈ ಸಲ ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಮೇಡಂ, ಕಿಟಕೀಲಿರೋದು ನಮ್ಮ ಗುರುಗಳಲ್ಲ.”

“ಟೋಪಿ ಹಾಕ್ಕೊಂಡಿದ್ರಲ್ಲ?”

“ಟೋಪಿ ಅವರದೇ. ಕೈ ಅವರದಲ್ಲ.” ಅವನು ಮೇಜಿನ ಅಂಚನ್ನು ಸ್ಟೇರಿಂಗಿನಂತೆ ಹಿಡಿದ. “ನೋಡಿ, ಎದುರಿಗೆ ನಮ್ಮ ಬಸ್ಸು ಬಂದ್ರೆ ನಾವು ಮಾಡೋದು ಇಷ್ಟೇ.” ಅಂಗೈ ಅಲ್ಲೇ ಇತ್ತು, ನಾಲ್ಕು ಬೆರಳು ಮಾತ್ರ ಮೇಲೆದ್ದು ಇಳಿದವು. “ಸ್ಟೇರಿಂಗ್ ಬಿಟ್ಟು ಯಾವ ಡ್ರೈವರ್ ಟಾಟಾ ಮಾಡ್ತಾನೆ? ಗುರುಗಳು ಕುರ್ಚೀಲಿ ಕೂತ್ರೂ ಅಂಗೈ ಕಿಟಕಿ ಕಟ್ಟೆ ಮೇಲಿಂದ ಎತ್ತಿದವರಲ್ಲ. ನಮಗೆ ಕಲಿಸಿದ್ದೂ ಅದನ್ನೇ. ಬೆಳಗ್ಗೆ ಅವನ್ಯಾರೋ ಮದುವೆ ದಿಬ್ಬಣ ಕಳಿಸೋನ ಥರ ಕೈ ಬೀಸ್ತಾ ಇದ್ದ. ಬೇಕಾದ್ರೆ ನಮ್ಮವರನ್ನ ಯಾರನ್ನಾದ್ರೂ ಕೇಳಿ.”

ಬೆಳಗಿನ ಆ ಹಿತವಾದ ಬೀಸು ಇನ್‌ಸ್ಪೆಕ್ಟರಮ್ಮನ ಕಣ್ಣ ಮುಂದೆ ಮತ್ತೊಮ್ಮೆ ಹಾದುಹೋಯಿತು. ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆಂದರೆ ಕುರ್ಚಿಯ ಯಜಮಾನರು ಎಲ್ಲಿ? ಅದೆಷ್ಟು ದಿನಗಳಿಂದಲೋ ಕಣ್ಣ ಮೇಲೆ ಇಳಿಬಿದ್ದಿದ್ದ ಪರದೆ ಯಾರೋ ಕಿತ್ತೆಸೆದ ಹಾಗೆ ಹೋಯಿತು. ದಫೇದಾರರನ್ನು ಕರೆದರು.

“ನಿನ್ನೆ ಆ ಮನೇಲಿ ಹಿರಿಯರ ಜೊತೆ ಮಾತಾಡಿದ್ರಾ?”

“ಮಲಗಿದ್ರು ಮೇಡಂ.”

“ಎಬ್ಬಿಸಿದ್ರಾ?”

“ಮಗ ಬೇಡ ಅಂದ.”

“ಮಗ ಪೂರ್ತಿ ಹೊತ್ತು ಪಕ್ಕದಲ್ಲೇ ಇದ್ನಾ?”

“ಇದ್ದ.”

“ಹೊದಿಕೆ ಎಲ್ಲೀವರೆಗೆ ಇತ್ತು?”

“ಗಲ್ಲದವರೆಗೆ.” ದಫೇದಾರರ ದನಿ ಇಳಿಯಿತು.

“ಯಾಕೆ ಬಂದಿದ್ದೀರಿ ಅಂತ ಕೇಳಿದ್ನಾ?”

“ಕೇಳಿದ. ಕಿಟಕೀಲಿ ಕಾಣಿಸ್ತಿಲ್ಲ ಅಂತ ಡ್ರೈವರ್‌ಗಳು ದೂರು ಕೊಟ್ಟಿದಾರೆ ಅಂದೆ.” ಹೇಳುತ್ತಲೇ ಅವರು ನಾಲಿಗೆ ಕಚ್ಚಿಕೊಂಡರು. ಬೆಳಗ್ಗೆ ಕಿಟಕಿಯಲ್ಲಿ ಟೋಪಿ ಯಾಕೆ ಕಂಡಿತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಇನ್ನೊಂದೇ ಪ್ರಶ್ನೆ. ಹಿರಿಯರ ರೂಮಿನ ಬಾಗಿಲಿಗೆ ಚಿಲಕ ಯಾವ ಕಡೆ ಇತ್ತು?”

ದಫೇದಾರರು ಕಣ್ಣು ಮುಚ್ಚಿ ಆ ಮನೆಯೊಳಕ್ಕೆ ಮತ್ತೊಮ್ಮೆ ನಡೆದು ಹೋದರು. ಹಜಾರ. ಬ್ರೆಡ್ಡಿನ ವಾಸನೆ. ಹಳೆಯ ಬಾಗಿಲು, ಅದರ ಮೇಲೆ ಹೊಳೆಯುವ ಹೊಸ ಉಕ್ಕಿನ ಚಿಲಕ. ಒಳಗೆ ಹೋಗುವ ಮೊದಲು ಮಗ ಅದನ್ನು ಸರಿಸಿದ ಸದ್ದು.

“ಹೊರಗಡೆ ಮೇಡಂ,” ಎಂದರು. ಅವರ ಮುಖ ನೋಡಲು ಕಷ್ಟವಾಗುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಆಸ್ಪತ್ರೆಗೆ ಫೋನು ಮಾಡಿ, ಆಂಬುಲೆನ್ಸಿನ ಜೊತೆ ಡಾಕ್ಟರೂ ಬರಬೇಕೆಂದು ಹೇಳಿದರು. ಮಹಡಿ ಹತ್ತುವ ಮೊದಲು ಲಾಂಡ್ರಿಗೆ ಹೋದರು. ಒಳಗೆಲ್ಲ ಹಬೆ. ತಂತಿಗಳ ಮೇಲೆ ನೇತುಬಿದ್ದ ಬಿಳಿ ಬಟ್ಟೆಗಳ ನಡುವೆ ಲಾಂಡ್ರಿ ಅಕ್ಕ ಇದ್ದಕ್ಕಿದ್ದಂತೆ ಕಾಣಿಸಿದಳು. ಖಾಕಿ ಕಂಡದ್ದೇ ಅವಳ ಕೈಯಲ್ಲಿದ್ದ ಇಸ್ತ್ರಿ ನಿಂತಿತು.

“ಮೇಲಿನ ಮನೆ ಬಟ್ಟೆ ನೀವೇ ಒಗೆಯೋದಾ?”

“ಹೂಂ.”

“ಏನಾದ್ರೂ ವ್ಯತ್ಯಾಸ ಕಂಡಿದೆಯಾ?”

“ನಮಗ್ಯಾಕಮ್ಮಾ ಬೇರೆಯವರ ಮನೆ ವಿಷಯ.”

“ನಾನು ಬಟ್ಟೆ ವಿಷಯ ಕೇಳಿದ್ದು ಅಕ್ಕ.”

ಅವಳು ಕಪಾಟಿನಿಂದ ಒಂದು ಹಾಸಿಗೆ ಬಟ್ಟೆ ತಂದು ಹರಡಿದಳು. ಅದರ ಎರಡೂ ಅಂಚು ಇರಲಿಲ್ಲ. ಪಟ್ಟಿ ಪಟ್ಟಿಯಾಗಿ ಹರಿದು ತೆಗೆದಿದ್ದರು. “ಪ್ರತಿ ಸಲ ಬಂದಾಗಲೂ ಅಗಲ ಕಡಿಮೆ ಆಗಿರುತ್ತೆ. ಆ ಪಟ್ಟಿಗಳೂ ಒಂದು ಸಲ ಬಟ್ಟೆ ಜೊತೆ ಬಂದ್ಬಿಟ್ಟಿದ್ವು. ಗಂಟು ಹಾಕಿದ ಗುರುತಿತ್ತು. ರಕ್ತಾನೂ ಇತ್ತು.” ಅವಳು ತಲೆ ಎತ್ತಿ ಛಾವಣಿ ನೋಡಿದಳು. “ಮೇಲಿಂದ ಸದ್ದು ಕೇಳಿಸ್ತಿತ್ತು. ತಾತ ಒಂದೊಂದೇ ಸ್ಟಾಪಿನ ಹೆಸರು ಕೂಗ್ತಿದ್ರು. ಆಮೇಲೆ ಧಡ್ ಅಂತ ಏನೋ ಸದ್ದು. ಆಮೇಲೆ ಅದೂ ನಿಂತ್ಹೋಯ್ತು. ಅದು ನಿಂತ ಮೇಲೆ ನನಗೇ ನಿದ್ದೆ ಬರ್ತಿರಲಿಲ್ಲ.”

“ಒಂದು ಫೋನ್ ಮಾಡಬಹುದಿತ್ತಲ್ಲ?”

“ಸುಳ್ಳಾಗಿದ್ರೆ? ನಾಳೆ ಅವರ ಮುಖ ಹೇಗೆ ನೋಡೋದು?”

“ಸುಳ್ಳೋ ನಿಜವೋ ಅಂತ ಹುಡುಕೋಕೆ ನಮಗೆ ಸಂಬಳ ಕೊಡ್ತಾರೆ. ನೀವು ಅನುಮಾನ ಹೇಳಿದ್ರೆ ಸಾಕು. ಹೇಳಿದವರು ಯಾರು ಅಂತ ನಾವು ಬಾಯಿ ಬಿಡಲ್ಲ,” ಎಂದರು ಇನ್‌ಸ್ಪೆಕ್ಟರಮ್ಮ. ಬಾಗಿಲಲ್ಲಿದ್ದ ದಫೇದಾರರ ಕಡೆ ನೋಡದೆ, “ಬಿಡಬಾರದು,” ಎಂದು ಸೇರಿಸಿದರು.

ತಾನೇ ಬರುತ್ತೇನೆಂದ ಲಾಂಡ್ರಿ ಅಕ್ಕನೂ ಎದುರಿನ ಔಷಧಿ ಅಂಗಡಿಯವನೂ ಸಾಕ್ಷಿಗೆ ಪಂಚರಾಗಿ ಮಹಡಿ ಹತ್ತಿದರು. ಬಾಗಿಲು ತಟ್ಟಿದ ಸಾಕಷ್ಟು ಹೊತ್ತಿನ ಮೇಲೆ ಮಗ ತೆರೆದ. ನಲವತ್ತು ದಾಟಿದವನು, ತಲೆಗೂದಲಿನಲ್ಲಿ ಹಿಟ್ಟು, ಕಣ್ಣು ಕೆಂಡದ ಹಾಗೆ ಕೆಂಪು. ನಿದ್ದೆಯಿಂದ ಎದ್ದವನೋ ನಿದ್ದೆಯೇ ಕಾಣದವನೋ ಹೇಳಲಾಗುತ್ತಿರಲಿಲ್ಲ.

“ಅಪ್ಪ ಮಲಗಿದಾರೆ.”

“ಗೊತ್ತು. ನೀವು ಇವರ ಜೊತೆ ಅಡುಗೆಮನೇಲಿ ಕೂತಿರಿ. ನಾನು ಅವರ ಹತ್ರ ಒಬ್ಬಳೇ ಮಾತಾಡ್ಬೇಕು.”

“ಅವರಿಗೆ ಏನೂ ತಿಳಿಯಲ್ಲ ಮೇಡಂ. ಮಾತು ನೆಟ್ಟಗಿಲ್ಲ. ನಾನೇ ಹೇಳ್ತೀನಲ್ಲ—”

“ಅಡುಗೆಮನೇಲಿ,” ಎಂದರು ದಫೇದಾರರು. ಈ ಸಲ ಅವರು ಕೂರಲೂ ಇಲ್ಲ, ಏನೂ ತಿನ್ನಲೂ ಇಲ್ಲ.

ಹೊರಗಿನ ಚಿಲಕ ಸರಿಸಿ ಇನ್‌ಸ್ಪೆಕ್ಟರಮ್ಮ ಒಳಗೆ ಹೋದರು. ಪರದೆ ಎಳೆದ ಕೋಣೆಯಲ್ಲಿ ಬೆಳಕು ನೀರಿನೊಳಗಿನ ಬೆಳಕಿನ ಹಾಗಿತ್ತು. ಎಲ್ಲ ಚೊಕ್ಕಟ. ನೀರಿನ ಲೋಟ ಇತ್ತು, ಮಂಚದಿಂದ ಕೈಗೆ ಎಟುಕದ ಕಪಾಟಿನ ಮೇಲೆ. ಹೊದಿಕೆಯನ್ನು ಮೆಲ್ಲಗೆ ಸರಿಸಿದರು. ಹಾಸಿಗೆ ಬಟ್ಟೆಯ ಬಿಳಿ ಪಟ್ಟಿ ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಬಿಗಿದಿತ್ತು. ಕೆಳಗೆ ಚರ್ಮ ಸುಲಿದು ನೀಲಿಗಟ್ಟಿತ್ತು. ತುಟಿ ಒಡೆದಿತ್ತು. ಇನ್‌ಸ್ಪೆಕ್ಟರಮ್ಮ ಫೋಟೊ ತೆಗೆದು, ಪಂಚರಿಗೆ ತೋರಿಸಿ, ಅವರನ್ನು ಆಚೆ ಕಳಿಸಿ, ಗಂಟು ಬಿಚ್ಚಿ, ತಾವೇ ಚಮಚದಲ್ಲಿ ನೀರು ಹಾಕಿದರು.

ಸಾಕಷ್ಟು ಹೊತ್ತಿನ ಮೇಲೆ ಹಿರಿಯರು ಕಣ್ಣು ಬಿಟ್ಟರು. ಬಹಳ ದೂರದಿಂದ ನೋಡುವವರ ಹಾಗೆ ನೋಡಿದರು.

“ಎಲ್ಲಿಗಮ್ಮಾ?”

“ಆಸ್ಪತ್ರೆ ಸ್ಟಾಪಿಗೆ.”

“ಕೂತ್ಕೋ. ಆಗಲೇ ತಡ ಆಗಿದೆ.”

“ಕೈಗೆ ಏನಾಯ್ತು?”

ಅವರು ಮಣಿಕಟ್ಟು ನೋಡಿಕೊಂಡರು. ನಿಧಾನವಾಗಿ ಅದರ ಮೇಲೆ ಹೊದಿಕೆ ಎಳೆದುಕೊಂಡರು. “ಏನಿಲ್ಲ. ಗೇರ್ ಬಿಗಿ.”

“ಯಾರಾದ್ರೂ ಕಟ್ಟಿದ್ರಾ?”

“ಮೆಲ್ಲಗೆ ಮಾತಾಡಮ್ಮ. ಹುಡುಗ ಡ್ಯೂಟಿಯಿಂದ ಬಂದು ಮಲಗಿದಾನೆ.”

“ನಿಮಗೆ ಈ ಮನೇಲಿ ಭಯ ಆಗುತ್ತಾ?”

ಅವರು ಯೋಚಿಸಿದರು. “ಬೆಳಗ್ಗೆ ಆಗುತ್ತೆ. ಲೋಟ ತಂದಾಗ.”

“ಕುಡಿಯಲ್ಲ ಅಂದ್ರೆ?”

ಹಿರಿಯರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಮುಖ ಆ ಕಡೆ ತಿರುಗಿಸಿದರು. ಕಿವಿಯ ಹಿಂದೆ ಹಸಿರು ತಿರುಗಿದ ಒಂದು ಹಳೆಯ ಪೆಟ್ಟು ಕಂಡಿತು. ಪಕ್ಕದಲ್ಲೇ ಒಂದು ಹೊಸದು. ಇನ್‌ಸ್ಪೆಕ್ಟರಮ್ಮ ಮತ್ತೇನೂ ಕೇಳದೆ ಅವರ ಪಾದದ ಮೇಲೆ ಕೈಯಿಟ್ಟುಕೊಂಡು ಕೂತರು. ಕೆಳಗೆ ಬಸ್ಸೊಂದು ಹೋದ ಸದ್ದಿಗೆ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಹಿರಿಯರು ತಾವಾಗಿಯೇ ಮಾತು ತೆಗೆದರು.

“ಈ ರೂಟಲ್ಲಿ ಒಂದು ಮನೆ ಇದೆ. ಕಿಟಕೀಲಿ ಒಂದು ಮಗು ಕೂತಿರುತ್ತೆ. ದಿನಾ ಕೈ ಬೀಸುತ್ತೆ. ನಾನು ಬೆರಳು ಎತ್ತಿ ಹೋಗ್ಬಿಡ್ತೀನಿ.”

“ಒಂದು ನಿಮಿಷ ನಿಲ್ಲಿಸಬಾರದಾ?”

“ಅಲ್ಲಿ ಸ್ಟಾಪಿಲ್ಲಮ್ಮ,” ಎಂದರು ಅವರು, ಬಹಳ ನೊಂದುಕೊಂಡು.

ಡಾಕ್ಟರು ಬಂದು ನಾಡಿ ನೋಡಿದರು, ಕಣ್ಣೆವೆ ಎತ್ತಿ ನೋಡಿದರು. ನಿದ್ದೆಯ ಔಷಧಿ ಮೈಯಲ್ಲಿ ಮಡುಗಟ್ಟಿದೆ, ನೀರಿಲ್ಲದೆ ದೇಹ ಒಣಗಿದೆ, ಇನ್ನೊಂದೆರಡು ದಿನ ಹೀಗೇ ಬಿಟ್ಟಿದ್ದರೆ ಮತ್ತೆ ಏಳುತ್ತಿರಲಿಲ್ಲ ಎಂದರು. ಪಂಚನಾಮೆಯಲ್ಲಿ ಬಟ್ಟೆಪಟ್ಟಿ, ಉಕ್ಕಿನ ಚಿಲಕ, ಔಷಧಿ ಸೀಸೆ, ನೀಲಿ ಟೋಪಿ ದಾಖಲಾದವು. ಲಾಂಡ್ರಿ ಅಕ್ಕ ಸಹಿ ಹಾಕುವಾಗ ಅತ್ತಳು. ಸಹಿ ಮಾತ್ರ ಸ್ಪಷ್ಟವಾಗಿ ಹಾಕಿದಳು.

ಸ್ಟ್ರೆಚರ್ ಕೆಳಗೆ ಇಳಿಸುವ ಹೊತ್ತಿಗೆ ಮೂರೂವರೆಯ ಬಸ್ಸು ಬಂತು. ಓಡಿಸುತ್ತಿದ್ದವನು ಮೀಸೆಯೇ. ಗುರುಗಳನ್ನು ಕಂಡವನೇ, ನಿಲ್ದಾಣವಿಲ್ಲದ ಆ ಮನೆಯ ಮುಂದೆ ಬಸ್ಸು ನಿಲ್ಲಿಸಿಬಿಟ್ಟ. ಒಳಗೆ ಜನ ಗೊಣಗಿದರು. ಹಿಂದೆ ಕಾರುಗಳು ಹಾರ್ನ್ ಹೊಡೆದವು. ಹಿರಿಯರು ಸ್ಟ್ರೆಚರಿನ ಮೇಲಿಂದ ತಲೆ ಎತ್ತಿದರು.

“ಯಾವನಯ್ಯಾ ಅವನು? ಇಲ್ಲಿ ಸ್ಟಾಪಿಲ್ಲ. ನಡಿ, ನಡಿ.”

“ಆಯ್ತು ಗುರುಗಳೇ,” ಎಂದ ಮೀಸೆ. ಸ್ಟೇರಿಂಗಿನ ಮೇಲೆ ಅವನ ನಾಲ್ಕು ಬೆರಳು ಮೇಲೆದ್ದವು. ಸ್ಟ್ರೆಚರಿನ ಕಂಬಿ ಹಿಡಿದಿದ್ದ ಆ ಸುಲಿದ ಕೈಯಲ್ಲೂ ನಾಲ್ಕು ಬೆರಳು, ಒಂದಾದ ಮೇಲೊಂದು, ಮೇಲೆದ್ದವು. ಬಸ್ಸು ಹೊರಟಿತು. ಮೆಟ್ಟಿಲ ಬುಡದಲ್ಲಿ ದಫೇದಾರರ ಪಕ್ಕ ನಿಂತಿದ್ದ ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಎಫ್‌ಐಆರ್ ದಾಖಲಾಯಿತು. ಆರೈಕೆಯಲ್ಲಿದ್ದ ಹಿರಿಯರನ್ನು ಕೂಡಿಹಾಕಿದ್ದು, ಹೊಡೆದದ್ದು, ಬಲವಂತವಾಗಿ ಔಷಧಿ ಕುಡಿಸಿದ್ದು. ಸಂಜೆ ಠಾಣೆಯಲ್ಲಿ ಬಂಧನದ ಕಾಗದಕ್ಕೆ ಸಹಿ ಹಾಕಿದ ಮೇಲೆ ಇನ್‌ಸ್ಪೆಕ್ಟರಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡರು. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ.

“ಬೆಳಗ್ಗೆ ಪಾಳಿ ಮುಗಿಸಿ ಬಂದು ತಲೆ ಇಟ್ರೆ ಶುರು. ಆಸ್ಪತ್ರೆ, ಹಳೇ ಸೇತುವೆ, ಮಾರ್ಕೆಟ್, ಇಳೀರಿ ಇಳೀರಿ ಅಂತ. ಸಂಜೆವರೆಗೂ ಕೂಗು. ಬಾಗಿಲು ತೆಗೆದು ರಸ್ತೆಗೆ ಹೋಗ್ಬಿಡೋರು. ಎರಡು ಸಲ ಲಾರಿ ಕೆಳಗೆ ಬೀಳೋದ್ರಲ್ಲಿದ್ರು. ಮೊದಲು ಚಿಲಕ ಹಾಕಿದೆ. ಆಮೇಲೆ ಔಷಧಿ. ಮೊದಮೊದಲು ಸ್ವಲ್ಪಾನೇ ಕೊಟ್ಟೆ. ಅವತ್ತು ನಾನು ಆರು ಗಂಟೆ ಮಲಗಿದೆ ಮೇಡಂ. ಆರು ಗಂಟೆ.” ಅದನ್ನು ಹೇಳುವಾಗ ಅವನ ಮುಖದಲ್ಲಿ ಇನ್ನೂ ಆ ನಿದ್ದೆಯ ಆಸೆ ಇತ್ತು. “ಆಮೇಲೆ ಅದು ಬಿಡೋಕೇ ಆಗ್ಲಿಲ್ಲ.”

“ಯಾರನ್ನಾದ್ರೂ ಸಹಾಯ ಕೇಳಬಹುದಿತ್ತಲ್ಲ?”

“ನಮ್ಮಪ್ಪನ್ನ ನಾನೊಬ್ಬನೇ ನೋಡ್ಕೋತೀನಿ, ಯಾರ ಹಂಗೂ ಬೇಡ ಅಂತ ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ.”

“ನಿದ್ದೆ ಯಾರಿಗೆ ಬೇಡ ಹೇಳಿ. ಬಾಯಿ ಬಿಟ್ಟು ಕೇಳಬೇಕಿತ್ತು. ಕಟ್ಟಬಾರದಿತ್ತು, ಹೊಡೀಬಾರದಿತ್ತು.”

“ಹೌದು,” ಎಂದ ಅವನು.

ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು. “ಇದು ಕೇಸಿಗೆ ಬೇಕಾಗಿದ್ದಲ್ಲ. ಟೋಪಿ ಹಾಕ್ಕೊಂಡು ಕೂತಿದ್ರಲ್ಲ, ಡ್ರೈವರ್‌ಗಳು ಹೇಗೆ ಕೈ ಎತ್ತುತ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?”

“ಚೆನ್ನಾಗಿ ಗೊತ್ತಿತ್ತು. ಬೆರಳು ಎತ್ತಬೇಕು ಅಂತಾನೇ ಕೂತಿದ್ದೆ.” ಅವನು ತನ್ನ ಕೈಯನ್ನು ಮೇಜಿನ ಮೇಲಿಟ್ಟು ನೋಡಿದ. “ಚಿಕ್ಕವನಿದ್ದಾಗ ದಿನಾ ಅದೇ ಕಿಟಕೀಲಿ ಕೂತು ಅಪ್ಪನ ಬಸ್ಸಿಗೆ ಕಾಯ್ತಿದ್ದೆ. ಅವರು ಬೆರಳು ಎತ್ತಿ ಹೋಗ್ಬಿಡೋರು. ನಾನು ಬಸ್ಸು ತಿರುಗೋವರೆಗೂ ಕೈ ಬೀಸ್ತಿದ್ದೆ. ಇವತ್ತು ಮಂಜಲ್ಲಿ ಬಸ್ಸಿನ ದೀಪ ಕಾಣಿಸ್ತು. ಅಷ್ಟೇ ಮೇಡಂ. ಕೈ ತಾನಾಗೇ ಬೀಸ್ತು.”

ದಫೇದಾರರು ಅವನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಕಂಬಳಿ ಕೊಟ್ಟರು. ಇನ್‌ಸ್ಪೆಕ್ಟರಮ್ಮ ಹೇಳಿಕೆಯ ಹಾಳೆಗಳನ್ನು ಜೋಡಿಸಿ ಕಡತದಲ್ಲಿ ಇಟ್ಟರು. ಹೊರಗೆ ಮತ್ತೆ ಮಂಜು ಇಳಿಯುತ್ತಿತ್ತು. ಬೀದಿದೀಪಗಳು ಹತ್ತಿಕೊಂಡವು. ಫೋನು ರಿಂಗಾಯಿತು, ದಫೇದಾರರು ಎತ್ತಿಕೊಂಡರು. ಅವರ ಫೋನಿನ ದನಿ ಯಾವಾಗಲೂ ಠಾಣೆಯ ಛಾವಣಿ ಹಾರಿಸುವಂಥದ್ದು.

“ಮೇಡಂ, ಆಸ್ಪತ್ರೆಯಿಂದ. ತಾತ ತಾವೇ ಲೋಟ ಹಿಡಿದು ನೀರು ಕುಡಿದರಂತೆ. ಪರವಾಗಿಲ್ವಂತೆ. ಆದ್ರೆ ನರ್ಸಮ್ಮಂಗೆ ಒಂದೇ ಸಮ ಬಯ್ತಿದಾರಂತೆ, ಮೆಲ್ಲಗೆ ಮಾತಾಡಿ, ಹುಡುಗ ಮಲಗಿದಾನೆ ಅಂತ. ಏನು ಹೇಳ್ಲಿ?”

ಇನ್‌ಸ್ಪೆಕ್ಟರಮ್ಮ ಲಾಕಪ್ಪಿನ ಕಡೆ ನೋಡಿದರು. ಮಗ ಕಂಬಳಿಯನ್ನು ಪೂರ್ತಿ ಬಿಡಿಸಿಯೂ ಇರಲಿಲ್ಲ. ಗೋಡೆಗೆ ಒರಗಿದಲ್ಲೇ, ಬಾಯಿ ತುಸು ತೆರೆದುಕೊಂಡು, ನಿದ್ದೆ ಹೋಗಿದ್ದ.

“ಹೌದು, ಮಲಗಿದಾನೆ ಅಂತ ಹೇಳಿ,” ಎಂದರು. “ನೀವೂ ಸ್ವಲ್ಪ ಮೆಲ್ಲಗೆ ಮಾತಾಡಿ.”